ತೊಡುವ ಆರೋಗ್ಯ ಸೆನ್ಸರ್‌ಗಳ ನ್ಯಾನೋಫೋಟಾನಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಬಹುದಾ?

ಭೌತಶಾಸ್ತ್ರದಲ್ಲಿ ಎಂಎಸ್ಸಿ ಮುಗಿದಿದೆ, ಈ ವಿಷಯದಲ್ಲಿ ಪಿಎಚ್‌ಡಿಗೆ ಸೇರುವ ಆಸೆ ಇದೆ, ದಿನದ ಕೆಲಸ ಹೇಗಿರುತ್ತದೆ, ಸೂಜಿ ಚುಚ್ಚದೆ ಸಕ್ಕರೆ ಅಳೆಯುವ ವಾಚ್ ಮಾಡಲು ಸಾಧ್ಯವಾ ಅಂತ ಕೇಳಿದ್ದೀರಿ. ನಾನು ಇದರಲ್ಲೇ ಐದನೇ ವರ್ಷದಲ್ಲಿದ್ದೇನೆ. ಥೀಸಿಸ್ ಬರೆಯೋದು ಬಿಟ್ಟು ಇಲ್ಲಿ ಉತ್ತರ ಬರೆಯುತ್ತಾ ಕೂತಿದ್ದೇನೆ ಅಂದರೆ ನನ್ನ ಸ್ಥಿತಿ ನಿಮಗೇ ಗೊತ್ತಾಗುತ್ತದೆ.

ಈ ಐದು ವರ್ಷದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಚರ್ಮ. ಬೆಳಕಿನ ಲೆಕ್ಕ ಹೇಗೋ ಕಲಿಯಬಹುದು.

ವಾಚ್ ಹಿಂದೆ ಮಿಣುಕುವ ಹಸಿರು ದೀಪ ನೋಡಿರುತ್ತೀರಿ ಅಲ್ವಾ? ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ, ಪ್ರತಿ ಬಡಿತಕ್ಕೂ ಚರ್ಮದಡಿ ರಕ್ತ ಹೆಚ್ಚುಕಡಿಮೆ ಆಗುತ್ತದೆ, ವಾಪಸ್ ಬರುವ ಬೆಳಕೂ ಹಾಗೇ ಏರಿಳಿಯುತ್ತದೆ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡಲು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 660 ನ್ಯಾನೋಮೀಟರ್ ಕೆಂಪು ಮತ್ತು 940 ನ್ಯಾನೋಮೀಟರ್ ಇನ್‌ಫ್ರಾರೆಡ್ ಬೆಳಕನ್ನು ಹೋಲಿಸುತ್ತದೆ. ಆ ಉಪಾಯವನ್ನು ಜಪಾನಿನ ಎಂಜಿನಿಯರ್ ಟಕುವೊ ಅವೊಯಾಗಿ 1974ರಲ್ಲೇ ತೋರಿಸಿಕೊಟ್ಟಿದ್ದರು. ಇದರಲ್ಲೆಲ್ಲ ನ್ಯಾನೋ ಏನೂ ಇಲ್ಲ. ಬೆಳಕಿನ ಅಲೆಗಿಂತ ಚಿಕ್ಕದಾದ ರಂಧ್ರ, ಕಂಬ, ಉಂಗುರಗಳನ್ನು ಮಾಡಿ, ಬೆಳಕನ್ನು ಅಲ್ಲಿ ಹಿಡಿದಿಟ್ಟು, ಪಕ್ಕಕ್ಕೆ ಬಂದು ಕೂತ ಅಣುಗಳನ್ನು ಗುರುತಿಸುವಾಗ ನಮ್ಮ ಕೆಲಸ ಶುರು.

ನನ್ನದು ಬೆವರಿನ ಲ್ಯಾಕ್ಟೇಟ್ (ದೇಹ ದುಡಿಯುವಾಗ ಹುಟ್ಟುವ ಒಂದು ರಾಸಾಯನಿಕ) ಅಳೆಯುವ ಪಟ್ಟಿ. ಪಿಡಿಎಂಎಸ್ ಅನ್ನುವ ಸಿಲಿಕೋನ್ ರಬ್ಬರ್ ಹಾಳೆ, ಅದರ ಮೇಲೆ ತೆಳ್ಳಗಿನ ಚಿನ್ನ, ಚಿನ್ನದಲ್ಲಿ 500 ನ್ಯಾನೋಮೀಟರ್‌ಗೆ ಒಂದರಂತೆ ಸಾಲು ಸಾಲು ರಂಧ್ರ, ಮೇಲೆ ಲ್ಯಾಕ್ಟೇಟ್ ಹಿಡಿಯುವ ಒಂದು ಪದರ. ಲ್ಯಾಕ್ಟೇಟ್ ಬಂದು ಕೂತರೆ ರಂಧ್ರಗಳು ಹಿಡಿದಿಡುವ ಬೆಳಕಿನ ಬಣ್ಣ ಸ್ವಲ್ಪ ಸರಿಯುತ್ತದೆ, ಅದೇ ನಮ್ಮ ಸಿಗ್ನಲ್. ಗಾಜಿನ ಮೇಲೆ ಸೊಗಸಾಗಿ ಕೆಲಸ ಮಾಡಿತು. ಮುಂಗೈಗೆ ಅಂಟಿಸಿಕೊಂಡು ವ್ಯಾಯಾಮದ ಸೈಕಲ್ ತುಳಿದೆ, ಸಿಗ್ನಲ್ ಏರಿತು, ಖುಷಿಯಿಂದ ಎಲ್ಲರಿಗೂ ಗ್ರಾಫ್ ತೋರಿಸಿದೆ. ಮೂರು ತಿಂಗಳ ನಂತರ ಲ್ಯಾಬಿನ ಜೂನಿಯರ್ ಒಬ್ಬಳು, ಆ ಹಿಡಿಯುವ ಪದರವೇ ಇಲ್ಲದ ಪಟ್ಟಿ ಹಾಕಿ ಸುಮ್ನೆ ಒಂದ್ಸಲ ನೋಡೋಣ ಅಂದಳು. ಅದರಲ್ಲೂ ಸಿಗ್ನಲ್ ಹಾಗೇ ಏರಿತು!

ಆಗಿದ್ದೇನೆಂದರೆ ಕೈ ಮಡಚಿದಾಗ ಚರ್ಮ ಹಿಗ್ಗುತ್ತದೆ, ಜೊತೆಗೆ ಹಾಳೆಯೂ ಹಿಗ್ಗುತ್ತದೆ. ಬರೀ ಶೇಕಡಾ 1 ಹಿಗ್ಗಿದರೂ ರಂಧ್ರಗಳ ಅಂತರ 5 ನ್ಯಾನೋಮೀಟರ್ ಹೆಚ್ಚಾಯಿತು, ಅಷ್ಟೇ ಪ್ರಮಾಣದಲ್ಲಿ ರಂಧ್ರಗಳು ಹಿಡಿದಿಡುವ ಬಣ್ಣವೂ ಸರಿಯಿತು. ನಾನು ಹುಡುಕುತ್ತಿದ್ದ ಬದಲಾವಣೆ ಅದರ ಹತ್ತನೇ ಒಂದು ಪಾಲೂ ಇರಲಿಲ್ಲ. ಮೇಲಿಂದ ಮೈ ಬಿಸಿಯಾದರೆ ಬೆವರಿನ ವಕ್ರೀಭವನವೂ (ಅದು ಬೆಳಕನ್ನು ಬಗ್ಗಿಸುವ ಪ್ರಮಾಣ) ಬದಲಾಗುತ್ತದೆ. ಅಂದರೆ ನಾನು ಮೂರು ತಿಂಗಳು ನನ್ನ ಮೊಣಕೈಯನ್ನೇ ಅಳೆಯುತ್ತಿದ್ದೆ. ಈಗ ರಂಧ್ರಗಳ ಕೆಳಗೆ ಮಾತ್ರ ಗಟ್ಟಿ ತುಂಡು ಕೂರಿಸುತ್ತೇವೆ, ಪಕ್ಕದಲ್ಲೇ ಪದರವಿಲ್ಲದ ಇನ್ನೊಂದು ತುಂಡು ಇಟ್ಟು ಅದರ ಸಿಗ್ನಲ್ ಕಳೆಯುತ್ತೇವೆ. ಥೀಸಿಸ್‌ನ ಅರ್ಧ ಇದೇ.

ಸಕ್ಕರೆಯ ವಿಷಯ. ಬೆಳಕಿನಿಂದ ನೇರವಾಗಿ ಹುಡುಕಲು ಹೋದರೆ ನೀರು, ಕೊಬ್ಬು, ಪ್ರೋಟೀನ್ ಎಲ್ಲದರ ಸಿಗ್ನಲ್ ಗ್ಲೂಕೋಸ್ ಮೇಲೆ ಬಂದು ಬೀಳುತ್ತದೆ. ಬೆವರಿನಲ್ಲಿ ಹುಡುಕಿದರೆ ರಕ್ತದಲ್ಲಿರುವುದರ ಸುಮಾರು ನೂರನೇ ಒಂದು ಪಾಲು ಮಾತ್ರ. ಚರ್ಮ ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಅನ್ನುವ ವಾಚು, ಉಂಗುರಗಳನ್ನು ಬಳಸಬೇಡಿ ಅಂತ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು, ಅಂಥ ಒಂದಕ್ಕೂ ಆಗ ಅದರ ಒಪ್ಪಿಗೆ ಇರಲಿಲ್ಲ. ಪಿಎಚ್‌ಡಿಯಲ್ಲಿ ಅಂಥ ವಾಚ್ ಮಾಡಿಸುತ್ತೇವೆ ಅಂತ ಯಾರಾದರೂ ಮಾತು ಕೊಟ್ಟರೆ ಸ್ವಲ್ಪ ದೂರ ಇರಿ.

ದಿನದ ಕೆಲಸ ಹೇಳಬೇಕೆಂದರೆ, ಮೊದಲ ಒಂದೂವರೆ ವರ್ಷ ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್, ಆಮೇಲೆ ಕ್ಲೀನ್‌ರೂಮ್ (ಸೆನ್ಸರ್ ತಯಾರಿಸುವ ಧೂಳಿಲ್ಲದ ಕೋಣೆ), ಪೈಥಾನ್ ಕೋಡಿಂಗ್, ಜನರ ಮೇಲೆ ಪರೀಕ್ಷಿಸಲು ಎಥಿಕ್ಸ್ ಕಮಿಟಿಯ ಕಾಗದಪತ್ರ (ಇದಕ್ಕೆ ನೀವು ಅಂದುಕೊಂಡಿದ್ದರ ಎರಡರಷ್ಟು ಸಮಯ ಇಟ್ಟುಕೊಳ್ಳಿ).

ಸೇರುವ ಮುಂಚೆ ಗೈಡ್‌ಗೆ ಒಂದು ಪ್ರಶ್ನೆ ಕೇಳಲೇಬೇಕು: ನಿಮ್ಮ ಲ್ಯಾಬಿನ ಸೆನ್ಸರ್ ಎಷ್ಟು ಜನರ ಚರ್ಮದ ಮೇಲೆ ಓಡಿದೆ, ಅವರ ಮೈಬಣ್ಣ ಬೇರೆ ಬೇರೆ ಇತ್ತಾ? ಸುಮ್ನೆ ಹೇಳುತ್ತಿಲ್ಲ. ರಕ್ತದಲ್ಲಿ ಆಕ್ಸಿಜನ್ ಕುಸಿದಿದ್ದನ್ನು ಆಕ್ಸಿಮೀಟರ್ ಗುರುತಿಸದೆ ಹೋಗುವುದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ ಅಂತ ಅಮೆರಿಕದ ಅಧ್ಯಯನವೊಂದು 2020ರಲ್ಲಿ ಹೇಳಿತು, ಅದೂ ಅಷ್ಟು ವರ್ಷ ಎಲ್ಲರೂ ನಂಬಿ ಬಳಸಿದ ಉಪಕರಣದಲ್ಲಿ.

ನಿರ್ಧಾರಕ್ಕೆ ಮುಂಚೆ ಒಂದು ಹಸಿರು ಎಲ್‌ಇಡಿ, ಒಂದು ಫೋಟೋಡಯೋಡ್ (ಬೆಳಕನ್ನು ಅಳೆಯುವ ಪುಟ್ಟ ಬಿಡಿಭಾಗ) ತಗೊಂಡು ನಿಮ್ಮದೇ ನಾಡಿ ಅಳೆದು ನೋಡಿ. ಕೂತಿದ್ದಾಗ ಒಮ್ಮೆ, ನಡೆಯುತ್ತಾ ಒಮ್ಮೆ. ಎರಡನೆಯ ಗ್ರಾಫ್ ಅಸಹ್ಯವಾಗಿ ಬರುತ್ತದೆ. ಗೈಡ್‌ಗೆ ಮೇಲ್ ಮಾಡುವಾಗ ಅದನ್ನೇ ಜೊತೆಗೆ ಕಳಿಸಿ.