ದಾಟಲಿಕ್ಕೋ, ನೋಡಲಿಕ್ಕೋ?

ಪ್ರಶ್ನೆ: ಇಂಗ್ಲೆಂಡಿನ ಡರ್ಬಿಶೈರ್‌ನ ಕೆಡಲ್‌ಸ್ಟನ್ ಹಾಲ್‌ ಎಂಬ ಶ್ರೀಮಂತ ಮನೆತನದ ಬಂಗಲೆಗೆ ಹೋಗುವ ದಾರಿಯಲ್ಲಿ ಕಲ್ಲಿನ ಸೇತುವೆ, ಅದಕ್ಕೆ ಅಂಟಿಕೊಂಡೇ ಕಿರುಜಲಪಾತ ಇದೆಯಂತೆ. ಇದು ಬರೀ ಅಲಂಕಾರವೇ? ಅಲ್ಲಿ ದೋಣಿಮನೆಯೂ ಇದೆಯೇ?

ಉತ್ತರ: ಅಲಂಕಾರವೂ ಹೌದು, ಕೆಲಸವೂ ಹೌದು. 1770ರ ಸುಮಾರಿಗೆ ವಾಸ್ತುಶಿಲ್ಪಿ ರಾಬರ್ಟ್ ಆಡಮ್ ರೂಪಿಸಿದ ಮೂರು ಕಮಾನಿನ ಸೇತುವೆ ಇದು. ಸಾರೋಟು ದಾಟುತ್ತಿದ್ದದ್ದು ಇದರ ಮೇಲೆಯೇ. ಅಲ್ಲಿರುವುದು ಸಣ್ಣ ಹಳ್ಳ. ಅದಕ್ಕೆ ಅಣೆ ಕಟ್ಟಿ ಕೆರೆಯಂತೆ ಅಗಲಿಸಿದ್ದಾರೆ. ನೆಲ ಇಳಿಜಾರಾದರೆ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಲೇಬೇಕು. ಆ ಮೆಟ್ಟಿಲನ್ನೇ ಜಲಪಾತವಾಗಿಸಿ ಸೇತುವೆಯ ಪಕ್ಕದಲ್ಲಿಟ್ಟರೆ ಕೊರತೆಯೇ ಸೊಬಗಾಗುತ್ತದೆ. ಜಾಣತನವೆಂದರೆ ಇದು!

ದೋಣಿಮನೆ ಪ್ರತ್ಯೇಕ ಕೊಟ್ಟಿಗೆಯಲ್ಲ. ಅದೇ ಕಾಲದ ಮೀನುಗಾರಿಕೆ ಮಂಟಪದ ಭಾಗ. ಮೇಲೆ ಕೋಣೆ, ಅದರ ಕಿಟಕಿಯಿಂದಲೇ ಗಾಳ ಹಾಕಬಹುದಿತ್ತು, ಬಿಸಿಲು ತಾಗದಂತೆ; ಕೆಳಗೆ ತಣ್ಣೀರ ಸ್ನಾನದ ಕೊಳ, ಅಕ್ಕಪಕ್ಕದಲ್ಲಿ ದೋಣಿ ನಿಲ್ಲಿಸುವ ಜಾಗ.

ಇಂಥ ಕಟ್ಟಡ ಕೆಡುವುದು ಹೆಚ್ಚಾಗಿ ನೀರಿನ ಮಟ್ಟದ ಗೆರೆಯಲ್ಲಿ. ಅಲ್ಲಿ ಕಲ್ಲು ನೆನೆದು ಒಣಗುತ್ತಿರುತ್ತದೆ, ಚಳಿಗೆ ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಚಕ್ಕೆ ಏಳುತ್ತದೆ. ಸಂದಿಗೆ ಸಿಮೆಂಟ್ ಮೆತ್ತಿದರೆ ತೇವ ಹೊರಬರಲಾರದೆ ಕಲ್ಲೇ ಉದುರುತ್ತದೆ. ಸುಣ್ಣದ ಗಾರೆಯೇ ಸರಿ. ಹೂಳು ತೆಗೆಯುವಾಗ ತಳದ ಜೇಡಿಮಣ್ಣಿನ ಪದರ ಕೆದಕಿದರೆ ಕೆರೆ ಸೋರುತ್ತದೆ.

ಅಂದಹಾಗೆ, ಕಲ್ಕತ್ತಾದ ರಾಜಭವನಕ್ಕೆ ಮಾದರಿ ಈ ಕೆಡಲ್‌ಸ್ಟನ್ ಮನೆಯೇ. ಈ ಮನೆತನದ ಕುಡಿ ಲಾರ್ಡ್ ಕರ್ಜನ್ 1899ರಲ್ಲಿ ವೈಸರಾಯ್ ಆಗಿ ಬಂದು ಕಲ್ಕತ್ತಾದ ಆ ಭವನದಲ್ಲೇ ವಾಸವಿದ್ದ.