ವಿಡಿಯೊ ಗೇಮ್‌ನಲ್ಲಿ ಆಟಗಾರರೇ ಬರೆಯುವ ಸಂಭಾಷಣೆಯಲ್ಲಿ ಸಣ್ಣಪುಟ್ಟ ಬೈಗುಳ ಹಾಕಬಹುದಾ?

ಹಾಕಬಹುದು, ಆದರೆ ಆಟ ನಡೆಸುವ ಕಂಪನಿಯ ನಿಯಮ ಮೊದಲು ಓದಿ. ‘ಸಿಟಿ ಆಫ್ ಹೀರೋಸ್’ ಎಂಬ ಆನ್‌ಲೈನ್ ಸೂಪರ್‌ಹೀರೋ ಆಟಕ್ಕೆ 2009ರಲ್ಲಿ ಮಿಷನ್ ಆರ್ಕಿಟೆಕ್ಟ್ ಎಂಬ ಸೌಲಭ್ಯ ಬಂತು. ಆಟಗಾರರೇ ಕಥೆ ಕಟ್ಟಿ, ಪಾತ್ರಗಳಿಗೆ ಮಾತು ಬರೆದು, ಬೇರೆಯವರಿಗೆ ಆಡಲು ಕೊಡಬಹುದಿತ್ತು. ಆಟಕ್ಕಿದ್ದದ್ದು ಅಮೆರಿಕದ ಟೀನ್ ರೇಟಿಂಗ್, ಅಂದರೆ 13 ವರ್ಷ ತುಂಬಿದವರಿಗೆ. ಟೀನ್ ಆಟದಲ್ಲಿ ಅಪರೂಪಕ್ಕೆ ಒಂದು ಬೈಗುಳ ಇರಬಹುದು, ನಿಜ. ಆದರೆ ಆನ್‌ಲೈನ್‌ನಲ್ಲಿ ಆಟಗಾರರು ಆಡುವ, ಬರೆಯುವ ಮಾತು ಆ ರೇಟಿಂಗ್‌ಗೆ ಸೇರುವುದಿಲ್ಲ. ಅಲ್ಲಿ ಕಂಪನಿ ಹೇಳಿದ್ದೇ ಕೊನೆ.

ಇನ್ನು ಬರವಣಿಗೆ. ಬೈಗುಳ ಪಾತ್ರದ ಕಷ್ಟದಿಂದ ಹುಟ್ಟಬೇಕು. ಮಳೆಯಲ್ಲಿ ನೆನೆದ ಕಾವಲುಗಾರ ಹೀಗನ್ನಲಿ: “ಥೂ, ಹಾಳಾದ ಬೀಗ! ಮತ್ತೆ ತುಕ್ಕು ಹಿಡಿದಿದೆ.” ಅವನ ಚಳಿ, ಬೇಸರ ಎರಡೂ ಬಂತು, ಅಲ್ವಾ? ಇದಕ್ಕಿಂತ ಜಾಸ್ತಿ ಬೇಡ.

ಹೊಸಬರು ಮರೆಯುವುದು ಒಂದೇ ವಿಷಯ: ಆಟದಲ್ಲಿ ಮಾತು ಮರುಕಳಿಸುತ್ತದೆ. ಅದೇ ಕಾವಲುಗಾರನ ಮುಂದೆ 20 ಸಲ ಹಾದುಹೋದರೆ 20 ಸಲವೂ ಅದೇ “ಥೂ”. ಕಿರಿಕಿರಿ ಆಗುತ್ತದೆ. ಹಾಗಾಗಿ ಬೈಗುಳವನ್ನು ಕಥೆಯಲ್ಲಿ ಒಮ್ಮೆ ಮಾತ್ರ ಬರುವ ಮಾತಿಗೆ ಇಟ್ಟುಕೊಳ್ಳಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ‘ದರಿದ್ರ’, ‘ಹಾಳಾಗಿ ಹೋಗ್ಲಿ’ ನಡೆಯುತ್ತವೆ. ಜಾತಿ ಹಿಡಿದು, ತಾಯಿಯನ್ನು ಎಳೆದು, ‘ಕುಂಟ’, ‘ಕುರುಡ’ ಅಂತ ಅಂಗವೈಕಲ್ಯ ಎತ್ತಿ ಆಡುವ ಬೈಗುಳ ನಮ್ಮ ಬಾಯಲ್ಲಿ ಸುಮ್ನೆ ಬಂದುಬಿಡುತ್ತದೆ. ಕೆಟ್ಟ ಪದ ತಡೆಯುವ ಆಟದ ಫಿಲ್ಟರ್ ಅದನ್ನು ಹಿಡಿಯದೇ ಇರಬಹುದು, ಆದರೆ ಓದುವವರಿಗೆ ನೋವಾಗುತ್ತದೆ. ಅವನ್ನು ಸಣ್ಣ ಬೈಗುಳ ಅಂತ ಲೆಕ್ಕ ಹಾಕಲೇಬೇಡಿ.