ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಗೆ ವಿಷಗಳ ಬಗ್ಗೆ ಅಷ್ಟು ನಿಖರವಾದ ತಿಳಿವಳಿಕೆ ಬಂದದ್ದು ಎಲ್ಲಿಂದ?

ಆಸ್ಪತ್ರೆಯ ಔಷಧಾಲಯದಿಂದ. 1890ರಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ಹುಟ್ಟಿದ ಅಗಾಥಾ, ಮೊದಲ ಮಹಾಯುದ್ಧದಲ್ಲಿ ಅದೇ ಊರಿನ ಆಸ್ಪತ್ರೆಯಲ್ಲಿ ಗಾಯಾಳು ಸೈನಿಕರ ಶುಶ್ರೂಷೆ ಮಾಡಿ, ಬಳಿಕ ಔಷಧ ವಿಭಾಗಕ್ಕೆ ಸೇರಿದರು. ಅದರ ಪರೀಕ್ಷೆಯನ್ನೂ ಪಾಸು ಮಾಡಿದರು. ಮೊದಲ ಪತ್ತೇದಾರಿ ಕಾದಂಬರಿ ಹೊಳೆದದ್ದು ಅಲ್ಲಿಯೇ. 1920ರಲ್ಲಿ ಪ್ರಕಟವಾದ ಅದರಲ್ಲಿ ಯಾರೋ ಟಾನಿಕ್ಕಿಗೆ ಬ್ರೋಮೈಡ್ ಎಂಬ ನಿದ್ದೆಯ ಔಷಧ ಬೆರೆಸುತ್ತಾರೆ. ಇದರಿಂದ ಟಾನಿಕ್ಕಿನಲ್ಲಿ ಅಲ್ಪ ಪ್ರಮಾಣದಲ್ಲಿದ್ದ ಸ್ಟ್ರಿಕ್ನಿನ್ ಎಂಬ ವಿಷ ತಳಕ್ಕಿಳಿದು, ಶೀಸೆಯ ಕೊನೆಯ ಗುಟುಕೇ ಪ್ರಾಣ ತೆಗೆಯುತ್ತದೆ. ಔಷಧ ವಿಜ್ಞಾನದ ಪತ್ರಿಕೆಯೊಂದು ಈ ನಿಖರತೆಯನ್ನು ಮೆಚ್ಚಿ ಬರೆಯಿತು. ನನ್ನ ದೃಷ್ಟಿಯಲ್ಲಿ ಇದು ಯಾವ ಸಾಹಿತ್ಯ ಪ್ರಶಸ್ತಿಗೂ ಕಡಿಮೆಯಲ್ಲ. 1961ರ ಕಾದಂಬರಿಯಲ್ಲಿ ಥ್ಯಾಲಿಯಂ ವಿಷದಿಂದ ಕೂದಲು ಉದುರುವುದನ್ನು ವರ್ಣಿಸಿದ್ದರು. ಅದನ್ನು ಓದುತ್ತಿದ್ದ ಲಂಡನ್ನಿನ ದಾದಿಯೊಬ್ಬರು 1977ರಲ್ಲಿ, ಅಂದರೆ ಲೇಖಕಿ ತೀರಿಕೊಂಡ ಮರುವರ್ಷ, ವೈದ್ಯರಿಗೂ ಬಗೆಹರಿಯದ ಕಾಯಿಲೆಯಿದ್ದ ಮಗುವಿನಲ್ಲಿ ಅದೇ ಲಕ್ಷಣವನ್ನು ಗುರುತಿಸಿದರು. ಮಗು ಬದುಕಿತು.